ಅಂಗಾಲು ಉರಿಗೆ ಫಿಟ್ಸ್ ಮಾತ್ರೆಯೆ?

ಪ್ರಶ್ನೆ: ತಂದೆಗೆ ಸಕ್ಕರೆ ಕಾಯಿಲೆ. ರಾತ್ರಿ ಅಂಗಾಲು ಉರಿ ಎಂದಿದ್ದಕ್ಕೆ ಡಾಕ್ಟರು ಗ್ಯಾಬಪೆಂಟಿನ್ ಬರೆದುಕೊಟ್ಟರು. ಅದು ಫಿಟ್ಸ್ ಮಾತ್ರೆಯಂತೆ, ನಿಜವೇ?
– ಓದುಗರು, ಹೊಳೆನರಸೀಪುರ

ಉತ್ತರ: ನಿಜ. 1993ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಫಿಟ್ಸ್‌ಗೇ. ವರ್ಷಗಟ್ಟಲೆ ಏರಿದ ಸಕ್ಕರೆಯಿಂದ ಹಾಳಾದ ನರಗಳು ಗಾಯವಿಲ್ಲದಿದ್ದರೂ ಮಿದುಳಿಗೆ ನೋವಿನ ಸುದ್ದಿ ಮುಟ್ಟಿಸುತ್ತಿರುತ್ತವೆ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ನರಗಳ ಗಲಾಟೆಯನ್ನೇ ತಗ್ಗಿಸುವ ಗ್ಯಾಬಪೆಂಟಿನ್‌ನಂಥ ಔಷಧಿ ಬೇಕು. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಕೂಡ ಹೀಗೇ ನೋವಿನ ಕೆಲಸಕ್ಕೆ ಸೇರಿಕೊಂಡಿತು. ಗ್ಯಾಬಪೆಂಟಿನ್ ತೆಗೆದುಕೊಳ್ಳುವ ಶುರುವಿನಲ್ಲಿ ತೂಕಡಿಕೆ, ತಲೆಸುತ್ತು ಸಾಮಾನ್ಯ. ಉರಿ ತಗ್ಗಿತೆಂದು ಮಾತ್ರೆಯನ್ನು ಒಮ್ಮೆಲೇ ಬಿಡಬಾರದು.

ಕೆಟ್ಟ ನರವನ್ನು ಮಾತ್ರೆ ಸರಿಮಾಡದು. ಸಕ್ಕರೆ ಹತೋಟಿಯ ಜೊತೆ ದಿನವೂ ನಡಿಗೆ ಬೇಕು.

ಬರಿಗಾಲಲ್ಲಿ ಮಾತ್ರ ಬೇಡ! ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿ ಹತ್ತುವವರು ಚಪ್ಪಲಿ ಕೆಳಗೇ ಬಿಡಬೇಕು. ಮಧ್ಯಾಹ್ನದ ಬಂಡೆ ಸುಟ್ಟರೂ ನರ ಕೆಟ್ಟು ಜೋಮು ಹಿಡಿದ ಪಾದಕ್ಕೆ ತಿಳಿಯದು, ಬೊಬ್ಬೆ ಕಾಣುವುದು ಇಳಿದ ಮೇಲೆ. ಹೋಗಲೇಬೇಕಿದ್ದರೆ ಬೆಳಗ್ಗೆಯೇ, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಲಿ. ಅರಕಲಗೂಡಿನ ಹೊಲದಲ್ಲಿ ಓಡಾಡುವವರೂ ಚಪ್ಪಲಿಯೊಳಗೆ ಕೈಯಾಡಿಸಿ, ಕಲ್ಲು–ಮುಳ್ಳು ಇಲ್ಲವೆಂದು ನೋಡಿಕೊಂಡೇ ಮೆಟ್ಟಬೇಕು. ರಾತ್ರಿ ಅಂಗಾಲಿನಡಿ ಕನ್ನಡಿ ಹಿಡಿದು ನೋಡುವುದೂ ಒಳ್ಳೆಯದು.

ಇನ್ನೊಂದು ಮಾತು. ಬಹುಕಾಲ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕುಗ್ಗಿಯೂ ಇಂಥದೇ ಉರಿ ಬರಬಹುದು. ಹಾಸನಕ್ಕೆ ತೋರಿಸಲು ಹೋದಾಗ ಆ ರಕ್ತಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.