ವೈದ್ಯಕೀಯ ಸಹಾಯಕರ ಪ್ರಮಾಣಪತ್ರ: ವೆಚ್ಚವೆಷ್ಟು, ಪ್ರತಿಫಲವೆಷ್ಟು?

‘ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ’ ಎಂಬ ಗಾದೆಯನ್ನು ಮುಂಬಯಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಗಲಿಡೀ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಪರಂಪರೆ ಇಲ್ಲಿಯದು. ಅಂತಹ ಮನೆಗಳ ಮಕ್ಕಳು ಹನ್ನೆರಡನೆಯ ತರಗತಿ ಮುಗಿಸುತ್ತಲೇ ‘ಆರು ತಿಂಗಳಲ್ಲಿ ವೈದ್ಯಕೀಯ ಸಹಾಯಕರಾಗಿರಿ’ ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ವಿದ್ಯೆಗೆ ತೊಡಗಿಸುವ ಹಣವು ಹೂಡಿಕೆಯೆಂಬುದು ನಿಜ. ಆದರೆ ಹೂಡಿಕೆಯೆಂದಮೇಲೆ ಅದಕ್ಕೆ ಜಮಾ–ಖರ್ಚಿನ ಲೆಕ್ಕವೂ ಇರಲೇಬೇಕು.

ಮನ್ನಣೆಯ ಪ್ರಶ್ನೆ

ಎಲ್ಲ ಪ್ರಮಾಣಪತ್ರಗಳ ತೂಕವೂ ಒಂದೇ ಅಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹವರ್ತಿ ಹಾಗೂ ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆಯು, ಎರಡರಿಂದ ನಾಲ್ಕು ವರ್ಷಗಳಲ್ಲಿ ಹಂಚಿದ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಪಡೆದವರನ್ನು ಸಹವರ್ತಿ ಆರೋಗ್ಯ ವೃತ್ತಿಯವರೆಂದು ಪರಿಗಣಿಸುತ್ತದೆ. ಆರು ತಿಂಗಳ ಪ್ರಮಾಣಪತ್ರವು ಈ ಅಳತೆಯನ್ನು ಮುಟ್ಟುವುದಿಲ್ಲ. ಅದು ನರ್ಸ್ ಆಗುವ ಅರ್ಹತೆಯನ್ನೂ ನೀಡದು. ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಶಿಕ್ಷಣಕ್ಕೆ ಎರಡು ವರ್ಷ, ಸಾಮಾನ್ಯ ನರ್ಸಿಂಗ್ ಡಿಪ್ಲೊಮಾಕ್ಕೆ ಮೂರು ವರ್ಷ ಹಿಡಿಯುತ್ತದೆ. ಹಾಗೆಂದು ಅಲ್ಪಾವಧಿಯ ಶಿಕ್ಷಣವು ನಿಷ್ಪ್ರಯೋಜಕವೆಂದಲ್ಲ. ಅದರ ಪ್ರಯೋಜನಕ್ಕೆ ಮಿತಿಯುಂಟು.

ಶುಲ್ಕವೊಂದೇ ವೆಚ್ಚವಲ್ಲ

ಸಾಮಾನ್ಯವಾಗಿ ಪೋಷಕರು ಶುಲ್ಕದ ಮೊತ್ತವನ್ನಷ್ಟೇ ವಿಚಾರಿಸುತ್ತಾರೆ. ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ, ರೈಲಿನ ಪಾಸು ಇವೆಲ್ಲ ಅದಕ್ಕೆ ಸೇರಬೇಕು. ಎಲ್ಲಕ್ಕಿಂತ ದೊಡ್ಡ ವೆಚ್ಚವೆಂದರೆ ಓದಿನ ಅವಧಿಯಲ್ಲಿ ಬಿಟ್ಟುಕೊಡುವ ಸಂಬಳ. ಅಂತೆಯೇ, ಪ್ರತಿಫಲವೆಂದರೆ ಮುಂದೆ ದೊರೆಯುವ ಇಡೀ ಸಂಬಳವಲ್ಲ. ಈಗಿನ ಸಂಬಳಕ್ಕೂ ಅದಕ್ಕೂ ಇರುವ ಅಂತರ ಮಾತ್ರ.

ಒಂದು ದೃಷ್ಟಾಂತವನ್ನು ಗಮನಿಸಬಹುದು. ಇಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು. ಅಂಗಡಿಯೊಂದರಲ್ಲಿ ತಿಂಗಳಿಗೆ 10,000 ರೂ. ಪಡೆಯುವ ಯುವತಿಯು ಕೆಲಸ ಬಿಟ್ಟು ಆರು ತಿಂಗಳ ಶಿಕ್ಷಣಕ್ಕೆ ಸೇರುತ್ತಾಳೆ. ಶುಲ್ಕ 40,000 ರೂ., ಇತರ ಖರ್ಚು 6,000 ರೂ., ಬಿಟ್ಟ ಸಂಬಳ 60,000 ರೂ.; ಒಟ್ಟು 1,06,000 ರೂ. ಬಳಿಕ ದವಾಖಾನೆಯಲ್ಲಿ 12,000 ರೂ. ದೊರೆತರೆ ಹೆಚ್ಚುವರಿ ಆದಾಯ ತಿಂಗಳಿಗೆ 2,000 ರೂ. ಹಾಕಿದ ಹಣ ಮರಳಲು 53 ತಿಂಗಳು ಬೇಕು.

ಆಕೆಯೇ ಎರಡು ವರ್ಷಗಳ ಪ್ರಯೋಗಶಾಲಾ ತಂತ್ರಜ್ಞರ ಡಿಪ್ಲೊಮಾ ಮಾಡಿದರೆ, ಶುಲ್ಕ 1,20,000 ರೂ., ಇತರ ಖರ್ಚು 24,000 ರೂ., ಬಿಟ್ಟ ಸಂಬಳ 2,40,000 ರೂ.; ಒಟ್ಟು 3,84,000 ರೂ. ಮುಂದೆ 18,000 ರೂ. ದೊರೆತರೆ ಅಂತರ 8,000 ರೂ.; ಹಣ ಮರಳಲು 48 ತಿಂಗಳು. ಓದಿಗೆ ಸೇರಿದ ದಿನದಿಂದ ಹತ್ತು ವರ್ಷ ಕಳೆದಾಗ, ಇದೇ ಸಂಬಳಗಳು ಮುಂದುವರಿದವೆಂದು ಭಾವಿಸಿದರೆ, ಪ್ರಮಾಣಪತ್ರದ ನಿವ್ವಳ ಲಾಭ 1,22,000 ರೂ., ಡಿಪ್ಲೊಮಾದ್ದು 3,84,000 ರೂ. ಅಗ್ಗವೆಂದು ತೋರಿದ್ದು ಇಲ್ಲಿ ಅಗ್ಗವಲ್ಲ.

ಆದರೆ ಸಂಪಾದನೆಯೇ ಇಲ್ಲದೆ ಮನೆಯಲ್ಲಿರುವ ಗೃಹಿಣಿಯ ಲೆಕ್ಕ ಬೇರೆ. ಬಿಟ್ಟುಕೊಡುವ ಸಂಬಳವಿಲ್ಲದ ಕಾರಣ ಆಕೆಯ ವೆಚ್ಚ 46,000 ರೂ. ಮಾತ್ರ. 12,000 ರೂ.ಗಳ ಕೆಲಸ ದೊರೆತರೆ ನಾಲ್ಕು ತಿಂಗಳಲ್ಲೇ ಅದು ಮರಳುತ್ತದೆ. ಒಂದೇ ಪ್ರಮಾಣಪತ್ರವು ಒಬ್ಬರಿಗೆ ನಷ್ಟಕ್ಕೆ ಹತ್ತಿರ, ಇನ್ನೊಬ್ಬರಿಗೆ ವರದಾನ.

ಸಾಲದ ಹೊರೆ

ಶೇಕಡಾ 12ರ ಬಡ್ಡಿಯಲ್ಲಿ 40,000 ರೂ. ಸಾಲ ಪಡೆದು 36 ಸಮಾನ ಕಂತುಗಳಲ್ಲಿ ತೀರಿಸುವುದಾದರೆ ಮಾಸಿಕ ಕಂತು ಸುಮಾರು 1,329 ರೂ. ಹೆಚ್ಚಿದ ಸಂಬಳ 2,000 ರೂ. ಮಾತ್ರವಾದರೆ, ಮೂರು ವರ್ಷಗಳ ಕಾಲ ಅದರ ಮೂರನೆಯ ಎರಡು ಪಾಲು ಕಂತಿಗೇ ಸಲ್ಲುತ್ತದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತಿನಿಂದ ವಿನಾಯಿತಿಯುಂಟು. ಆದರೆ ಬಡ್ಡಿ ಮಾತ್ರ ನಿದ್ರಿಸುವುದಿಲ್ಲ. ಇಂತಹ ಸಾಲ ಕೊಡುವ ಮುನ್ನ ಬ್ಯಾಂಕು ಶಿಕ್ಷಣದ ಮನ್ನಣೆಯನ್ನು ವಿಚಾರಿಸುತ್ತದೆ. ಕೈಯಿಂದ ಹಣ ತೆರುವ ಪೋಷಕರೂ ಅದನ್ನೇ ಮೊದಲು ವಿಚಾರಿಸುವುದು ಲೇಸು.

ಹಣ ಕಟ್ಟುವ ಮುನ್ನ

ಪ್ರಮಾಣಪತ್ರ ನೀಡುವವರು ಯಾರು? ಅದಕ್ಕೆ ಯಾವ ಮಂಡಳಿಯ ಮನ್ನಣೆಯಿದೆ? ಆಸ್ಪತ್ರೆಯಲ್ಲಿ ಪ್ರತ್ಯಕ್ಷ ತರಬೇತಿ ಎಷ್ಟು ಗಂಟೆ? ಹಿಂದಿನ ತಂಡದವರು ಎಲ್ಲಿ, ಎಷ್ಟು ಸಂಬಳಕ್ಕೆ ದುಡಿಯುತ್ತಿದ್ದಾರೆ? ನಡುವೆ ಬಿಟ್ಟರೆ ಶುಲ್ಕ ಮರಳುವುದೇ? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಬಂಧುಗಳ ಮನೆಯಿದೆಯೆಂದು ಮಕ್ಕಳನ್ನು ಊರಿಗೆ ಕಳುಹಿಸಿ ಕರ್ನಾಟಕದಲ್ಲಿ ಡಿಪ್ಲೊಮಾ ಮಾಡಿಸುವವರು, ಮುಂದೆ ಕೆಲಸ ಮಾಡಲಿರುವ ರಾಜ್ಯದಲ್ಲಿ ಅದರ ನೋಂದಣಿಗೆ ಅಡ್ಡಿಯಿಲ್ಲವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಆರೋಗ್ಯದ ಲೆಕ್ಕವನ್ನೂ ಮರೆಯಬಾರದು. ರಕ್ತ ಮತ್ತು ಸೂಜಿಗಳ ನಡುವಣ ಕೆಲಸದಲ್ಲಿ ಹೆಪಟೈಟಿಸ್ ಬಿ ಸೋಂಕಿನ ಭಯವುಂಟು. ಮೊದಲ ದಿನ, ಒಂದು ತಿಂಗಳ ಬಳಿಕ ಹಾಗೂ ಆರು ತಿಂಗಳಿಗೆ ಮೂರು ಬಾರಿ ಹಾಕಿಸುವ ಲಸಿಕೆಯು ಅದರಿಂದ ರಕ್ಷಣೆ ನೀಡುತ್ತದೆ. ಈ ಸಣ್ಣ ಖರ್ಚನ್ನೂ ಮೊದಲೇ ಪಟ್ಟಿಗೆ ಸೇರಿಸಬೇಕು.

ರೋಗಿಯ ಸೇವೆ ಗೌರವದ ವೃತ್ತಿ. ಅದರತ್ತ ಒಲಿದ ಮಕ್ಕಳನ್ನು ಲೆಕ್ಕದ ಹೆಸರಿನಲ್ಲಿ ತಡೆಯುವುದು ಸಲ್ಲದು. ಎರಡು ವರ್ಷ ಕಾಯುವ ಶಕ್ತಿಯುಳ್ಳ ಕುಟುಂಬವು ಮನ್ನಣೆಯುಳ್ಳ ಡಿಪ್ಲೊಮಾವನ್ನು ಆಯ್ದುಕೊಳ್ಳಲಿ. ತುರ್ತಾಗಿ ಸಂಪಾದನೆ ಬೇಕಾದವರು ಅಲ್ಪಾವಧಿಯ ಶಿಕ್ಷಣಕ್ಕೆ ಸೇರಿದರೂ ಅದರ ಮಿತಿಯನ್ನು ಅರಿತು ಸೇರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಜಾಣತನ. ಚಾಚುವ ಮುನ್ನ ಹಾಸಿಗೆಯನ್ನು ಅಳೆದು ನೋಡುವುದು ಅದಕ್ಕೂ ಮಿಗಿಲಾದ ಜಾಣತನ.