ಹಟ್ಟಿಯ ಗೊಬ್ಬರ, ಹಿತ್ತಿಲ ತರಕಾರಿ



ಶಿವರಾತ್ರಿ ಕಳೆದು ಚಳಿ ಇಳಿಯುವ ದಿನಗಳು ಹಿತ್ತಿಲಿನಲ್ಲಿ ಬೆಂಡೆ, ಹೀರೆ, ದಂಟು, ಬಸಳೆ ಹಾಕಲು ಸಕಾಲ. ಅರೆನೆರಳಿನಲ್ಲಿ ಪುದೀನ, ದೊಡ್ಡಪತ್ರೆ ನೆಡಬಹುದು.

ಹಸಿ ಸಗಣಿಯನ್ನು ನೇರವಾಗಿ ಪಾತಿಗೆ ಹಾಕಬೇಡಿ. ಅದರ ಕಾವಿಗೆ ಎಳೆ ಬೇರು ಸುಟ್ಟುಹೋಗುತ್ತದೆ, ಗೊಣ್ಣೆಹುಳು ಸೇರುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಬಳಸಿ. ಒಂದು ಪಾಲು ಗಂಜಲಕ್ಕೆ 10 ಪಾಲು ನೀರು ಬೆರೆಸಿ ಬುಡಕ್ಕೆ ಕೊಡಿ. ಹಸು ತಿಂದು ಬಿಟ್ಟ ಒಣಹುಲ್ಲನ್ನು ಹೊದಿಸಿದರೆ ಬಿಸಿಲಿನಲ್ಲೂ ತೇವ ಉಳಿಯುತ್ತದೆ.

ಹೇನು ಬಿದ್ದರೆ ವಿಷದ ಔಷಧಿ ಬೇಡ. 50 ಗ್ರಾಂ ಬೇವಿನ ಬೀಜದ ಪುಡಿಯನ್ನು 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಸಿಂಪಡಿಸಿ. ತೋಟದ ಕಳೆ, ಬಲಿತ ಸೊಪ್ಪು ಕೊನೆಗೆ ಸೇರುವುದು ಹಸುವಿನ ಬಾಯಿಗೆ. ಕೆಲವು ವಿಷಗಳ ಅಂಶ ಹಾಲಿಗೂ ಇಳಿಯುತ್ತದೆ. ಆ ಹಾಲನ್ನು ಮೊದಲು ಕುಡಿಯುವವರು ನಮ್ಮ ಮನೆಯ ಮಕ್ಕಳೇ.