ರೇಷನ್ ಧಾನ್ಯದ ಲಾರಿಯೂ ನ್ಯಾಯಾಲಯದ ಅಂಕುಶವೂ

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರ ರೇಷನ್ ಅಂಗಡಿಗೆ ಗೋದಿ, ಅಕ್ಕಿಯ ಚೀಲಗಳು ತಾವಾಗಿ ನಡೆದು ಬರುವುದಿಲ್ಲ. ಭಾರತ ಆಹಾರ ನಿಗಮದ ಗೋದಾಮಿನಿಂದ ತಾಲೂಕಿನ ಸರಕಾರಿ ಗೋದಾಮಿಗೆ, ಅಲ್ಲಿಂದ ಅಂಗಡಿಯ ಬಾಗಿಲಿಗೆ ಅವನ್ನು ಮುಟ್ಟಿಸಲು ಲಾರಿಗಳು ಬೇಕು, ಹಮಾಲರು ಬೇಕು, ಇವೆಲ್ಲಕ್ಕೂ ಹೊಣೆಯಾದ ಗುತ್ತೇದಾರನು ಬೇಕು. ಅವನನ್ನು ಆರಿಸಲು ಸರಕಾರವು ಟೆಂಡರು ಕರೆಯುತ್ತದೆ. ಸೊಲ್ಲಾಪುರದ ನಮಗೆಲ್ಲ ಮರಾಠಿಯ ‘ನಿವಿದಾ’ ಎಂಬ ಮಾತು ಪರಿಚಿತವೇ. ಆದರೆ ಆ ಸಣ್ಣಕ್ಷರದ ಪ್ರಕಟಣೆಯನ್ನು ಓದುವ ಗೃಹಿಣಿ ಎಷ್ಟು ಮಂದಿ? ತಿಂಗಳ ಕಾಳು ಸಕಾಲಕ್ಕೆ ಬರುವುದೋ ಇಲ್ಲವೋ ಎಂಬುದು ಮಾತ್ರ ಬಹುಮಟ್ಟಿಗೆ ಅಲ್ಲಿಯೇ ನಿಶ್ಚಯವಾಗುತ್ತದೆ.

ಅಂಗಡಿಯ ಬಾಗಿಲವರೆಗೆ ಧಾನ್ಯವನ್ನು ತಲುಪಿಸುವ ಕರ್ತವ್ಯವನ್ನು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ರಾಜ್ಯ ಸರಕಾರದ ಮೇಲೆ ಹೊರಿಸಿದೆ. ಆದ್ಯತಾ ಕುಟುಂಬದಲ್ಲಿ ತಲೆಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. 2023ರ ಜನವರಿಯಿಂದ ಇದಕ್ಕೆ ಬೆಲೆಯೂ ಇಲ್ಲ. ಧಾನ್ಯ ಪುಕ್ಕಟೆಯಾದರೂ ಲಾರಿಯ ಬಾಡಿಗೆ ಪುಕ್ಕಟೆಯಲ್ಲವಷ್ಟೆ! ಆದುದರಿಂದಲೇ ಈ ಗುತ್ತಿಗೆಗಾಗಿ ಪೈಪೋಟಿ. ಸೋತವನು ನ್ಯಾಯಾಲಯದ ಮೆಟ್ಟಿಲೇರುವುದೂ ಉಂಟು.

ಅಲ್ಲಿ ಅವನಿಗೆ ಸಿಗುವುದೇನು? ಈ ಬಗೆಯ ವ್ಯಾಜ್ಯಗಳಿಗೆ ತಳಪಾಯವಾದುದು ಮುಂಬಯಿ ವಿಮಾನನಿಲ್ದಾಣದ ಉಪಾಹಾರಗೃಹದ ಮೊಕದ್ದಮೆ. ಐದು ವರ್ಷಗಳ ಅನುಭವವುಳ್ಳ, ನೋಂದಾಯಿತ ಎರಡನೆಯ ದರ್ಜೆಯ ಹೋಟೆಲಿನವರಷ್ಟೇ ಟೆಂಡರು ಹಾಕಬೇಕೆಂದು 1977ರಲ್ಲಿ ಪ್ರಕಟಣೆ ಹೊರಟಿತು. ಗುತ್ತಿಗೆ ಮಾತ್ರ ಆ ಅರ್ಹತೆಯಿಲ್ಲದವರಿಗೆ ಸಂದಿತು. ಷರತ್ತು ಸಡಿಲುವುದೆಂದು ತಿಳಿದಿದ್ದರೆ ತಾನೂ ಹಾಕುತ್ತಿದ್ದೆನೆಂದು ರಮಣ ದಯಾರಾಮ ಶೆಟ್ಟಿ ಎಂಬವರು ಹೋರಾಡಿದರು. ಸರಕಾರಿ ಸಂಸ್ಥೆಯು ತಾನೇ ಸಾರಿದ ನಿಯಮಕ್ಕೆ ತಾನೇ ಬದ್ಧವೆಂದು 1979ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಭಗವತಿಯವರು ಸ್ಪಷ್ಟವಾಗಿ ನುಡಿದರು. ಆದರೂ ಅರ್ಜಿ ವಜಾ ಆಯಿತು! ಅರ್ಜಿದಾರರು ತಡಮಾಡಿದ್ದರು, ಅಷ್ಟರಲ್ಲಿ ಗುತ್ತೇದಾರನು ಸಾಕಷ್ಟು ಹಣ ಸುರಿದಾಗಿತ್ತು. ತತ್ತ್ವ ಗೆದ್ದಿತು, ಅದನ್ನೆತ್ತಿದವರು ಸೋತರು.

1994ರ ಟಾಟಾ ಸೆಲ್ಯುಲರ್ ತೀರ್ಪು ಇನ್ನೊಂದು ಗೆರೆ ಎಳೆಯಿತು. ನ್ಯಾಯಾಲಯವು ಮೇಲ್ಮನವಿಯ ಅಧಿಕಾರಿಯಂತೆ ಕುಳಿತು ಯಾರ ಟೆಂಡರು ಮೇಲೆಂದು ತೂಗುವುದಿಲ್ಲ. ನಿರ್ಣಯ ಕೈಕೊಂಡ ರೀತಿಯನ್ನಷ್ಟೇ ಪರೀಕ್ಷಿಸುತ್ತದೆ. ಜಗದೀಶ ಮಂಡಲ್ ಮೊಕದ್ದಮೆಯಲ್ಲಿ 2006ರ ಡಿಸೆಂಬರಿನಲ್ಲಿ ಎರಡು ಪ್ರಶ್ನೆಗಳನ್ನು ಮುಂದಿಟ್ಟರು. ನಿರ್ಣಯದಲ್ಲಿ ದುರುದ್ದೇಶ, ಪಕ್ಷಪಾತ ಅಥವಾ ವಿವೇಕಶೂನ್ಯತೆ ಇದೆಯೇ? ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆಯೇ?

ರೇಷನ್ ಲಾರಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯೇ ಜೀವಾಳವೆಂದು ನನ್ನೆಣಿಕೆ. ರಸ್ತೆಯ ಕಾಮಗಾರಿಗೆ ತಡೆಯಾಜ್ಞೆ ಬಂದರೆ ರಸ್ತೆ ಕಾದೀತು, ಹಸಿವೆ ಕಾಯದು. ಹಾಗೆಂದು, ಹಸಿವೆಯ ಹೆಸರು ಹೇಳಿ ಎಂಥ ಗುತ್ತಿಗೆಯನ್ನಾದರೂ ಒಪ್ಪಿಕೊಳ್ಳಬೇಕೆನ್ನುವುದೂ ಸಲ್ಲದು. ಒಬ್ಬ ಗುತ್ತೇದಾರನಿಗೇ ಅಳೆದು ಹೊಲಿದ ಅಂಗಿಯಂತೆ ಷರತ್ತುಗಳನ್ನು ಬರೆದರೆ ಪೈಪೋಟಿ ಸತ್ತು ಬಾಡಿಗೆ ಏರುತ್ತದೆ. ಲಾರಿ ತಡವಾದರೂ ಕೇಳುವವರಿಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ, ಸಾಗಣೆಯದಲ್ಲ, ಅಂಗನವಾಡಿಯ ಆಹಾರದ್ದು. ಪೂರಕ ಪೌಷ್ಟಿಕ ಆಹಾರ ಒದಗಿಸಲು ಮಹಾರಾಷ್ಟ್ರ ಸರಕಾರವು 2016ರಲ್ಲಿ ಕರೆದ ಟೆಂಡರಿನ ಷರತ್ತುಗಳು ಮಹಿಳಾ ಬಚತ ಗಟಗಳನ್ನು ಹೊರಗಿಡುವಂತಿವೆಯೆಂದು ವೈಷ್ಣೋರಾಣಿ ಎಂಬ ಗಟದವರು ದಿಲ್ಲಿಯವರೆಗೆ ಹೋದರು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಟೆಂಡರನ್ನು ರದ್ದುಗೊಳಿಸಿ ಹೊಸದಾಗಿ ಕರೆಯಲು ಆಜ್ಞಾಪಿಸಿತು. ಹೆಣ್ಣುಮಕ್ಕಳ ಈ ಛಲವನ್ನು ಮೆಚ್ಚಲೇಬೇಕು.

ಲಾರಿ ಬಾರದೆ ಕಾಳು ತಪ್ಪಿದರೆ ರಾಜ್ಯವು ಆಹಾರ ಭದ್ರತಾ ಭತ್ತೆ ಕೊಡಬೇಕೆಂದು 2013ರ ಕಾಯಿದೆಯ ಎಂಟನೆಯ ಕಲಮು ಹೇಳುತ್ತದೆ. ಟೆಂಡರಿನ ಷರತ್ತುಗಳೂ ಗುಟ್ಟಲ್ಲ; 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿ ಪ್ರತಿ ಕೇಳಬಹುದು. ತಡಮಾಡಿದವನಿಗೆ ನ್ಯಾಯಾಲಯದಲ್ಲಿ ಏನಾಗುವುದೆಂದು ಮೇಲೆ ಕಂಡೆವು. ಸೊಲ್ಲಾಪುರ ಜಿಲ್ಲೆಯವರು ಉಚ್ಚ ನ್ಯಾಯಾಲಯಕ್ಕಾಗಿ ಮುಂಬಯಿಗೇ ಓಡಬೇಕಿದ್ದ ಕಾಲ ಈಗ ಕಳೆದಿದೆ. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಅದರ ಸಂಚಾರಿ ಪೀಠ ಕೆಲಸ ಆರಂಭಿಸಿದ್ದು, ನಮ್ಮ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿದೆ.